ಕಾವ್ಯ ಆಕರವಾದಾಗ: ‘ಭಾರತ್ ಏಕ್ ಖೋಜ್’ ಮತ್ತು ಸಾಮಾಜಿಕ ಚರಿತ್ರೆಯ ಪ್ರಶ್ನೆ

ಸಾಹಿತ್ಯ ಕೃತಿಗಳನ್ನು ಸಾಮಾಜಿಕ ಚರಿತ್ರೆಯ ಆಕರಗಳಾಗಿ ಬಳಸುವ ಕ್ರಮ ಕನ್ನಡ ಸಂಶೋಧನೆಗೆ ಹೊಸದಲ್ಲ. ಆದರೆ ಅದೇ ಕೃತಿಗಳು ದೂರದರ್ಶನದಲ್ಲಿ ಅಭಿನಯದ ರೂಪ ಪಡೆದಾಗ ಆಕರದ ಸ್ವರೂಪವೇ ಬದಲಾಗುತ್ತದೆ. ಶ್ಯಾಮ್ ಬೆನೆಗಲ್ ನಿರ್ದೇಶನದಲ್ಲಿ 1988ರಿಂದ ಪ್ರಸಾರವಾದ, 53 ಕಂತುಗಳ ‘ಭಾರತ್ ಏಕ್ ಖೋಜ್’ ಸರಣಿಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜವಾಹರಲಾಲ್ ನೆಹರೂ 1944ರಲ್ಲಿ ಅಹಮದ್‌ನಗರ ಕೋಟೆಯ ಸೆರೆಯಲ್ಲಿ ಬರೆದು 1946ರಲ್ಲಿ ಪ್ರಕಟಿಸಿದ ‘ಡಿಸ್ಕವರಿ ಆಫ್ ಇಂಡಿಯಾ’ ಈ ಸರಣಿಗೆ ಆಧಾರ. ಇದರ ನಿರೂಪಣೆಗೆ ಮೂರು ಸ್ತರಗಳಿವೆ: ತೆರೆಯ ಮೇಲೆ ಮಾತನಾಡುವ ನೆಹರೂ (ರೋಶನ್ ಸೇಠ್), ಓಂ ಪುರಿಯವರ ನಿರೂಪಕ ಧ್ವನಿ ಹಾಗೂ ನಾಟಕೀಯ ದೃಶ್ಯಗಳು. ಮೊದಲೆರಡು ಸ್ತರಗಳು ವ್ಯಾಖ್ಯಾನಿಸುತ್ತವೆ. ಮೂರನೆಯದು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ತೋರಿಸಿದ್ದನ್ನು ನಡೆದದ್ದೆಂದೇ ನೋಡುಗ ಗ್ರಹಿಸುವ ಸಾಧ್ಯತೆ ಇರುವುದರಿಂದ ಸಮಸ್ಯೆ ಇಲ್ಲಿಂದಲೇ ಆರಂಭವಾಗುತ್ತದೆ.

ದೆಹಲಿ ಸುಲ್ತಾನರ ಕಾಲವನ್ನು ಕುರಿತ ಕಂತು ಇದಕ್ಕೆ ಉತ್ತಮ ನಿದರ್ಶನ. ಅಲಾವುದ್ದೀನ್ ಖಲ್ಜಿ ಚಿತ್ತೋಡನ್ನು ಗೆದ್ದದ್ದು 1303ರಲ್ಲಿ. ಮಲಿಕ್ ಮುಹಮ್ಮದ್ ಜಾಯಸಿ ಅವಧಿ ಭಾಷೆಯಲ್ಲಿ ‘ಪದ್ಮಾವತ್’ ರಚಿಸಿದ್ದು 1540ರ ಸುಮಾರಿಗೆ. ದಂಡಯಾತ್ರೆಯ ಸಮಕಾಲೀನನಾದ ಅಮೀರ್ ಖುಸ್ರೋ ಪದ್ಮಿನಿಯ ಕಥೆಯನ್ನು ನೇರವಾಗಿ ಹೇಳುವುದಿಲ್ಲ. ಸರಣಿಯು ಕಾವ್ಯದ ಹೆಸರನ್ನು ಮರೆಮಾಚಿಲ್ಲ ಎಂಬುದು ನಿಜ. ಆದರೂ ಚರಿತ್ರೆಯ ನಿರೂಪಕರಾದ ಓಂ ಪುರಿಯವರೇ ಕಾವ್ಯದ ಖಲ್ಜಿಯಾಗಿಯೂ ಅಭಿನಯಿಸಿದಾಗ, ಎರಡು ಶತಮಾನಗಳಿಗೂ ಮಿಗಿಲಾದ ಅಂತರ ಒಂದೇ ಚೌಕಟ್ಟಿನಲ್ಲಿ ಅಳಿಸಿಹೋಗುತ್ತದೆ. ವಾಸ್ತವವಾಗಿ ‘ಪದ್ಮಾವತ್’ ಆಕರವಾಗುವುದು ಹದಿನಾರನೆಯ ಶತಮಾನದ ಸೂಫಿ ಕವಿಯೊಬ್ಬನ ಪ್ರೇಮ ಹಾಗೂ ರಾಜತ್ವದ ಕಲ್ಪನೆಗಳಿಗೆ, 1303ರ ಚಿತ್ತೋಡಿಗಲ್ಲ.

ಜ್ಯೋತಿಬಾ ಫುಲೆಯವರನ್ನು ಕುರಿತ ಕಂತಿನಲ್ಲಿ ಈ ತೊಡಕು ಕಡಿಮೆ. ‘ಗುಲಾಮ್‌ಗಿರಿ’ ಪ್ರಕಟವಾದದ್ದೂ ಸತ್ಯಶೋಧಕ ಸಮಾಜ ಸ್ಥಾಪನೆಯಾದದ್ದೂ 1873ರಲ್ಲಿಯೇ. ಪಠ್ಯದ ಕಾಲವೂ ಅದು ಪ್ರಶ್ನಿಸುವ ಸಮಾಜದ ಕಾಲವೂ ಇಲ್ಲಿ ಒಂದೇ. ರಾಜವಂಶಗಳ ಕಥನದ ನಡುವೆ ಜಾತಿಯ ಪ್ರಶ್ನೆಗೆ ಪ್ರತ್ಯೇಕ ಕಂತನ್ನು ಮೀಸಲಿಟ್ಟದ್ದು ಸರಣಿಯ ಮಹತ್ವದ ಸಾಧನೆಯೇ ಸರಿ.

ಕನ್ನಡದ ಸಂದರ್ಭದಲ್ಲಿ ‘ಪದ್ಮಾವತ್’ಗೆ ಸಂವಾದಿಯಾಗಿ ನಿಲ್ಲುವುದು ಕುಮಾರರಾಮನ ಕಥನ. ಕಂಪಿಲಿಯ ಪತನ 1327ರ ಸುಮಾರಿನದು. ನಂಜುಂಡಕವಿಯ ಸಾಂಗತ್ಯ ಕೃತಿ ಹದಿನಾರನೆಯ ಶತಮಾನದ್ದು. ಮಲತಾಯಿ ರತ್ನಾಜಿಯ ಮೋಹ, ‘ಪರನಾರೀ ಸಹೋದರ’ನೆಂಬ ನಾಯಕನ ಬಿರುದು ಇವುಗಳನ್ನು ಕಂಪಿಲಿಯ ಅರಮನೆಯ ವರದಿಯೆಂದು ಓದುವುದಕ್ಕಿಂತ, ಗಂಡಿನ ಶೀಲವನ್ನು ಸ್ಥಾಪಿಸಲು ಹೆಣ್ಣಿನ ಕಾಮವನ್ನು ಅಪರಾಧವಾಗಿಸಿದ ನಂತರದ ಸಮಾಜದ ಮೌಲ್ಯಗಳಿಗೆ ಸಾಕ್ಷಿಯೆಂದು ಓದುವುದು ಹೆಚ್ಚು ಸಮಂಜಸ. ಇಲ್ಲವಾದರೆ ರತ್ನಾಜಿಯಂತಹ ಪಾತ್ರದ ಮೇಲೆ ಕಾವ್ಯ ಹೊರಿಸಿದ ಆರೋಪವನ್ನು ಸಂಶೋಧನೆಯೇ ಚರಿತ್ರೆಯ ತೀರ್ಪಾಗಿ ಸ್ಥಿರಗೊಳಿಸಿದಂತಾಗುತ್ತದೆ.

ಆದ್ದರಿಂದ ಇಂತಹ ಸರಣಿಗಳನ್ನು ತರಗತಿಯಲ್ಲಿ ಬಳಸುವ ಅಧ್ಯಾಪಕರು ಪ್ರತಿ ದೃಶ್ಯಕ್ಕೂ ಎರಡು ಕಾಲಗಳನ್ನು ಗುರುತಿಸುವುದು ಅಗತ್ಯ: ಘಟನೆಯ ಕಾಲ ಮತ್ತು ಅದನ್ನು ಕಥನವಾಗಿಸಿದ ಪಠ್ಯದ ಕಾಲ. 1988ರ ಪ್ರಸಾರವನ್ನು ಮೂರನೆಯ ಕಾಲವಾಗಿ ಸೇರಿಸಿಕೊಂಡರೆ, ಸರಣಿಯೂ ತನ್ನ ಕಾಲದ ಸಾಮಾಜಿಕ ಚರಿತ್ರೆಗೆ ಆಕರವಾಗಿ ಒದಗುತ್ತದೆ.