ಡ್ರೈಯರ್ ‘ಸೆನ್ಸರ್ ದೋಷ’ ಎಂದಾಗ ಕೆಟ್ಟಿರುವುದು ಯಾವುದು?

ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಸರಗೋಡು, ವಯನಾಡು ಕಡೆ ಬಟ್ಟೆ ಒಣಗಿಸೋದೇ ಒಂದು ದೊಡ್ಡ ಕೆಲಸ. ಗಾಳಿಯಲ್ಲೇ ನೀರಾವಿ ತುಂಬಿರುವಾಗ ಬಟ್ಟೆಯ ನೀರು ಆವಿಯಾಗಿ ಹೋಗೋದಾದರೂ ಎಲ್ಲಿಗೆ? ಸೊಲ್ಲಾಪುರ, ಜತ್ ಕಡೆಯ ಮಕ್ಕಳಿಗೆ ಈ ಕಷ್ಟ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಮಳೆಯ ಊರುಗಳ ಕೆಲವು ಮನೆಗಳಿಗೆ ಈಗ ಬಟ್ಟೆ ಒಣಗಿಸುವ ಯಂತ್ರ, ಅಂದ್ರೆ ಡ್ರೈಯರ್, ಬಂದಿದೆ.

ಇದರ ಕೆಲಸ ಸರಳ. ಹೀಟರ್ ಗಾಳಿಯನ್ನು ಬಿಸಿ ಮಾಡುತ್ತದೆ, ಫ್ಯಾನ್ ಆ ಗಾಳಿಯನ್ನು ತಿರುಗುವ ಡ್ರಮ್ಮಿನೊಳಗೆ ತಳ್ಳುತ್ತದೆ, ಬಟ್ಟೆಯ ತೇವ ಹೀರಿದ ಗಾಳಿ ಹೊರಗೆ ಹೋಗುತ್ತದೆ. ಗಾಳಿ ತೀರ ಬಿಸಿಯಾಗದಂತೆ ನೋಡಿಕೊಳ್ಳಲು ದಾರಿಯಲ್ಲಿ ಒಂದು ಉಷ್ಣತಾ ಸೆನ್ಸರ್ ಇರುತ್ತದೆ.

ಒಂದು ದಿನ ಯಂತ್ರ ನಿಂತುಬಿಡುತ್ತದೆ. ಪರದೆಯ ಮೇಲೆ ಒಂದು ಸಂಕೇತ. ಕೈಪಿಡಿ ತೆಗೆದು ನೋಡಿದರೆ ‘ಉಷ್ಣತಾ ಸೆನ್ಸರ್ ದೋಷ’ ಅಂತ ಬರೆದಿದೆ. ಸರಿ, ಸೆನ್ಸರ್ ಬದಲಾಯಿಸಿದರೆ ಆಯ್ತಲ್ಲ? ಅಷ್ಟು ಬೇಗ ತೀರ್ಮಾನಕ್ಕೆ ಬರಬೇಡಿ. ಆ ಸಂಕೇತದ ನಿಜವಾದ ಅರ್ಥ ಏನು ಅಂತ ಮೊದಲು ತಿಳಿಯೋಣ.

ಯಂತ್ರಕ್ಕೆ ಬಿಸಿ ಗೊತ್ತಾಗುವುದು ಹೇಗೆ?

ಹೆಚ್ಚಿನ ಡ್ರೈಯರುಗಳಲ್ಲಿ ಸೆನ್ಸರ್ ಅಂದ್ರೆ ಒಂದು ಥರ್ಮಿಸ್ಟರ್. ತಾಮ್ರದ ತಂತಿ ಬಿಸಿಯಾದರೆ ಅದರ ರೋಧ ಹೆಚ್ಚಾಗುತ್ತದೆ ಎಂದು ನೀವು ಓದಿದ್ದೀರಿ. ಈ ಥರ್ಮಿಸ್ಟರಿನಲ್ಲಿ ತದ್ವಿರುದ್ಧ: ಬಿಸಿಯಾದಷ್ಟೂ ರೋಧ ಇಳಿಯುತ್ತದೆ. ಇದು ಅರೆವಾಹಕ ವಸ್ತುವಿನಿಂದ ಮಾಡಿದ್ದು. ಬಿಸಿ ಹೆಚ್ಚಾದಾಗ ಅದರೊಳಗೆ ವಿದ್ಯುತ್ ಒಯ್ಯಲು ಸ್ವತಂತ್ರವಾಗಿರುವ ಕಣಗಳೂ ಹೆಚ್ಚಾಗುತ್ತವೆ. ಇಂಥ ನಡತೆಯನ್ನು ಸಿಲ್ವರ್ ಸಲ್ಫೈಡಿನಲ್ಲಿ ಮೈಕೆಲ್ ಫ್ಯಾರಡೆ 1833ರಲ್ಲೇ ಗಮನಿಸಿದ್ದರು.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ಕಿಲೋ ಓಮ್ ರೋಧ ಇರುವ ಒಂದು ಸಾಮಾನ್ಯ ಥರ್ಮಿಸ್ಟರಿನ ಅಂದಾಜು ಲೆಕ್ಕ ಹೀಗಿದೆ:

0 ಡಿಗ್ರಿ – 33 ಕಿಲೋ ಓಮ್
25 ಡಿಗ್ರಿ – 10 ಕಿಲೋ ಓಮ್
30 ಡಿಗ್ರಿ – 8 ಕಿಲೋ ಓಮ್
40 ಡಿಗ್ರಿ – 5.3 ಕಿಲೋ ಓಮ್
60 ಡಿಗ್ರಿ – 2.5 ಕಿಲೋ ಓಮ್
100 ಡಿಗ್ರಿ – 0.7 ಕಿಲೋ ಓಮ್

ಎಲ್ಲ ಯಂತ್ರಗಳಲ್ಲೂ ಇದೇ ಬೆಲೆ ಇರಬೇಕೆಂದಿಲ್ಲ. ರಿಪೇರಿ ಮಾಡುವವರು ಆಯಾ ಯಂತ್ರದ ಪಟ್ಟಿಯನ್ನೇ ನೋಡಬೇಕು.

ಯಂತ್ರದ ನಿಯಂತ್ರಣ ಫಲಕ ಈ ರೋಧವನ್ನು ನೇರವಾಗಿ ಓದುವುದಿಲ್ಲ. ಥರ್ಮಿಸ್ಟರಿನ ಜೊತೆ 10 ಕಿಲೋ ಓಮ್‌ನ ಒಂದು ಸ್ಥಿರ ರೋಧಕವನ್ನು ಸರಣಿಯಲ್ಲಿ ಜೋಡಿಸಿ, ಎರಡಕ್ಕೂ ಸೇರಿ 5 ವೋಲ್ಟ್ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಓಮ್‌ನ ನಿಯಮದ ಪ್ರಕಾರ ಥರ್ಮಿಸ್ಟರಿನ ತುದಿಗಳ ನಡುವಿನ ವಿಭವಾಂತರ:

ವಿಭವಾಂತರ = 5 × ಥರ್ಮಿಸ್ಟರಿನ ರೋಧ ÷ (ಥರ್ಮಿಸ್ಟರಿನ ರೋಧ + 10)

25 ಡಿಗ್ರಿಯಲ್ಲಿ 5 × 10 ÷ 20, ಅಂದ್ರೆ 2.5 ವೋಲ್ಟ್. 60 ಡಿಗ್ರಿಯಲ್ಲಿ 5 × 2.5 ÷ 12.5, ಅಂದ್ರೆ 1 ವೋಲ್ಟ್. ಫಲಕಕ್ಕೆ ಗೊತ್ತಿರುವುದು ಈ ವೋಲ್ಟ್ ಮಾತ್ರ. ಅದನ್ನು ನೋಡಿ ಉಷ್ಣತೆಯನ್ನು ಊಹಿಸುತ್ತದೆ.

ದೋಷ ಎಂದರೇನು?

ದಾರಿಯಲ್ಲಿ ಎಲ್ಲೋ ತಂತಿ ಕಡಿದರೆ ರೋಧ ಅನಂತವಾಗುತ್ತದೆ, ಫಲಕ ಪೂರ್ತಿ 5 ವೋಲ್ಟ್ ಓದುತ್ತದೆ. ಅದರ ಲೆಕ್ಕದಲ್ಲಿ ಅದು ಭೂಮಿಯ ಮೇಲೆಲ್ಲೂ ಇಲ್ಲದಷ್ಟು ಚಳಿ! ಎರಡು ತಂತಿಗಳು ಒಂದಕ್ಕೊಂದು ತಾಗಿದರೆ 0 ವೋಲ್ಟ್, ಅಂದ್ರೆ ನಂಬಲಾಗದಷ್ಟು ಬಿಸಿ. ಇಂಥ ಅಸಾಧ್ಯ ಬೆಲೆ ಬಂದಾಗ ಫಲಕ ಹೀಟರನ್ನು ನಿಲ್ಲಿಸಿ ದೋಷದ ಸಂಕೇತ ತೋರಿಸುತ್ತದೆ.

ಈಗ ಗಮನಿಸಿ. ‘ನನಗೆ ಬಂದ ಬೆಲೆ ಸರಿಯಿಲ್ಲ’ ಅಂತಷ್ಟೇ ಯಂತ್ರ ಹೇಳಿದ್ದು. ಆ ಬೆಲೆ ಬರುವ ದಾರಿಯಲ್ಲಿ ನಾಲ್ಕು ಭಾಗಗಳಿವೆ: ಥರ್ಮಿಸ್ಟರ್, ತಂತಿ, ಕನೆಕ್ಟರ್, ಫಲಕ. ಡ್ರಮ್ಮಿನ ನಡುಕಕ್ಕೆ ತಂತಿ ಒಳಗೇ ಕಡಿದಿರಬಹುದು. ಕರಾವಳಿಯ ಉಪ್ಪುಗಾಳಿಗೆ ಕನೆಕ್ಟರಿನ ಪಿನ್ನುಗಳು ಕಿಲುಬು ಹಿಡಿದಿರಬಹುದು. ತಪ್ಪು ಯಾರದ್ದು ಅಂತ ಅಳೆದೇ ತಿಳಿಯಬೇಕು.

ಅಳೆಯುವ ಕ್ರಮ

ಮೊದಲು ಎಚ್ಚರಿಕೆ. ಡ್ರೈಯರಿನೊಳಗೆ 230 ವೋಲ್ಟ್ ಹರಿಯುತ್ತದೆ. ಪಾಠ ಓದಿದೆವೆಂದು ಯಾರೂ ಮುಚ್ಚಳ ಬಿಚ್ಚಬಾರದು. ಅದು ಕೆಲಸ ಬಲ್ಲ ಮೆಕ್ಯಾನಿಕ್‌ನ ಕೆಲಸ. ಅವರು ಯಾವ ಕ್ರಮದಲ್ಲಿ ಹುಡುಕುತ್ತಾರೆ ಅನ್ನೋದನ್ನು ನೋಡೋಣ.

1. ಪ್ಲಗ್ ಕಿತ್ತು, ಯಂತ್ರ ತಣ್ಣಗಾಗುವ ತನಕ ಕಾಯುವುದು. ಸ್ವಿಚ್ ಆಫ್ ಮಾಡಿದರೆ ಸಾಲದು.

2. ಕನೆಕ್ಟರನ್ನು ಫಲಕದಿಂದ ಬಿಡಿಸುವುದು. ಬಿಡಿಸದೆ ಅಳೆದರೆ ಫಲಕದೊಳಗಿನ ರೋಧಕಗಳೂ ಸಮಾಂತರವಾಗಿ ಸೇರಿಕೊಂಡು ಮೀಟರಿನಲ್ಲಿ ತಪ್ಪು ಬೆಲೆ ಬರುತ್ತದೆ.

3. ಮಲ್ಟಿಮೀಟರನ್ನು 20 ಕಿಲೋ ಓಮ್ ಶ್ರೇಣಿಗೆ ಇಟ್ಟು, ಬಿಡಿಸಿದ ಕನೆಕ್ಟರಿನಲ್ಲಿ ಅಳೆಯುವುದು. ಕೋಣೆ 30 ಡಿಗ್ರಿ ಇದ್ದು ಸುಮಾರು 8 ಕಿಲೋ ಓಮ್ ಬಂದರೆ ಥರ್ಮಿಸ್ಟರ್, ತಂತಿ ಎರಡೂ ಸದ್ಯಕ್ಕೆ ಸರಿ. ಸಂಶಯ ಕನೆಕ್ಟರಿನ ಪಿನ್ ಇಲ್ಲವೇ ಫಲಕದ ಮೇಲೆ.

4. ಬೆಲೆ ಶ್ರೇಣಿ ಮೀರಿದರೆ, ಅಂದ್ರೆ ಕೆಲವು ಮೀಟರುಗಳ ಎಡತುದಿಯಲ್ಲಿ ಬರೀ 1 ಕಂಡರೆ, ಥರ್ಮಿಸ್ಟರಿನ ಬುಡದಲ್ಲೇ ಅಳೆಯುವುದು. ಅಲ್ಲಿ 8 ಬಂದರೆ ಥರ್ಮಿಸ್ಟರ್ ನಿರಪರಾಧಿ, ಕಡಿದಿರುವುದು ತಂತಿ. ಅಲ್ಲೂ 1 ಬಂದರೆ ಮಾತ್ರ ಥರ್ಮಿಸ್ಟರನ್ನು ಬದಲಾಯಿಸಬೇಕು.

5. ಅಳೆಯುತ್ತಿರುವಾಗಲೇ ತಂತಿಯನ್ನು ಮೆಲ್ಲಗೆ ಅಲುಗಿಸುವುದು. ಬೆಲೆ ಕುಣಿದರೆ ಒಳಗೆ ಅರ್ಧ ಕಡಿದಿದೆ ಅಂತ ಅರ್ಥ.

ದಾರಿಯನ್ನು ತುಂಡು ಮಾಡಿ, ಒಂದೊಂದೇ ತುಂಡನ್ನು ಪರೀಕ್ಷಿಸಿ, ಸರಿಯಿರುವುದನ್ನು ಪಟ್ಟಿಯಿಂದ ತೆಗೆಯುತ್ತಾ ಹೋಗುವ ಈ ಕ್ರಮ ಪಂಪ್‌ಸೆಟ್ಟಿಗೂ ಸೈಕಲ್ ಡೈನಮೋಗೂ ಒಂದೇ.

ಸಂಕೇತ ತೋರಿಸದ ದೋಷ

ಯಂತ್ರ ‘ದೋಷ’ ಅಂದರೆ ಒಂದು ರೀತಿಯಲ್ಲಿ ಒಳ್ಳೆಯದೇ, ಅದು ನಿಂತಿದೆಯಲ್ಲ! ಹೆಚ್ಚು ಅಪಾಯ ಇರುವುದು ಅದು ಸುಮ್ಮನಿರುವಾಗ.

ಕನೆಕ್ಟರಿನಲ್ಲಿ ಕಿಲುಬು ಸೇರಿ 2 ಕಿಲೋ ಓಮ್ ಹೆಚ್ಚಿನ ರೋಧ ಬಂದಿದೆ ಎನ್ನಿ. ಗಾಳಿ ನಿಜವಾಗಿ 60 ಡಿಗ್ರಿ ಮುಟ್ಟಿದಾಗ ಥರ್ಮಿಸ್ಟರಿನ ರೋಧ 2.5. ಆದರೆ ಫಲಕಕ್ಕೆ ಕಾಣುವುದು 2.5 + 2 = 4.5 ಕಿಲೋ ಓಮ್. ‘ಇನ್ನೂ 44 ಡಿಗ್ರಿ ಅಷ್ಟೇ’ ಅಂದುಕೊಂಡು ಅದು ಹೀಟರನ್ನು ಉರಿಸುತ್ತಲೇ ಇರುತ್ತದೆ. ಫಲಕಕ್ಕೆ 2.5 ಕಾಣಬೇಕಾದರೆ ಥರ್ಮಿಸ್ಟರ್ 0.5ಕ್ಕೆ ಇಳಿಯಬೇಕು. ಆಗ ಗಾಳಿಯ ಉಷ್ಣತೆ 110 ಡಿಗ್ರಿ ದಾಟಿರುತ್ತದೆ! ಯಾವ ಬೆಲೆಯೂ ಅಸಾಧ್ಯವಲ್ಲದ್ದರಿಂದ ಸಂಕೇತ ಬರುವುದೇ ಇಲ್ಲ.

ಇಂಥ ಹೊತ್ತಿಗೆಂದೇ ಹೀಟರಿನ ದಾರಿಯಲ್ಲಿ ಉಷ್ಣ ಫ್ಯೂಸ್ ಇಡುತ್ತಾರೆ. ಬಿಸಿ ಮಿತಿ ಮೀರಿದರೆ ಅದು ಒಮ್ಮೆಗೇ ಕಡಿದು ಹೋಗುತ್ತದೆ, ಮತ್ತೆ ಕೂಡುವುದಿಲ್ಲ. ‘ಫ್ಯೂಸ್ ಹೋಗಿದೆ, ಒಂದು ತಂತಿ ಸುತ್ತಿದರೆ ಆಯ್ತು’ ಅನ್ನುವವರಿದ್ದಾರೆ. ಹಾಗೆ ಮಾಡಿದರೆ ಬೆಂಕಿಗೂ ಮನೆಗೂ ನಡುವೆ ಇದ್ದ ಕೊನೆಯ ಬಾಗಿಲನ್ನೇ ಕಿತ್ತಂತೆ. ಹೊಸ ಫ್ಯೂಸ್ ಹಾಕಿದರೂ ಸಾಲದು. ಹಳೆಯದು ಯಾಕೆ ಹೋಯ್ತು ಅನ್ನೋದು ಸಿಗಬೇಕು. ಕಾರಣ ಸೆನ್ಸರಿನ ದಾರಿಯಲ್ಲಿರಬಹುದು, ಹತ್ತಿಯ ನವಿರು ತುಂಬಿ ಮುಚ್ಚಿಹೋದ ಗಾಳಿಯ ದಾರಿಯಲ್ಲೂ ಇರಬಹುದು. ಈ ನವಿರು ಬೇಗ ಹೊತ್ತಿಕೊಳ್ಳುತ್ತದೆ. ಹಾಗಾಗಿ ಪ್ರತಿ ಸಲ ಬಟ್ಟೆ ಒಣಗಿಸಿದ ಮೇಲೆ ಜಾಲರಿಯನ್ನು ಸ್ವಚ್ಛ ಮಾಡಬೇಕು. ಇದನ್ನು ನೀವೂ ಮಾಡಬಹುದು.

ಮಾಡಿ ನೋಡಿ

ಡ್ರೈಯರ್ ಇಲ್ಲದಿದ್ದರೂ ಈ ಪ್ರಯೋಗ ಮಾಡಬಹುದು. ಬೇಕಾದದ್ದು: 10 ಕಿಲೋ ಓಮ್‌ನ ಒಂದು ಬಿಡಿ ಥರ್ಮಿಸ್ಟರ್, ಮಲ್ಟಿಮೀಟರ್, ಥರ್ಮಾಮೀಟರ್, ಬಿಸಿನೀರು. ಥರ್ಮಿಸ್ಟರಿನ ಮಣಿಯನ್ನು ಬೆರಳಲ್ಲಿ ಹಿಡಿದು ಬೆಲೆ ಇಳಿಯುವುದನ್ನು ನೋಡಿ. ಆಮೇಲೆ ಅದನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟೀಚರ್ ಎದುರಿನಲ್ಲೇ ಬಿಸಿನೀರಿಗೆ ಇಳಿಸಿ. ನೀರು 60ರಿಂದ 30 ಡಿಗ್ರಿಗೆ ಆರುವ ತನಕ ಪ್ರತಿ 5 ಡಿಗ್ರಿಗೊಮ್ಮೆ ರೋಧವನ್ನು ಬರೆದು ನಕ್ಷೆ ಎಳೆಯಿರಿ. ಗೆರೆ ನೇರವಾಗಿ ಬಂತೇ, ಬಾಗಿ ಬಂತೇ?

ಪ್ರಶ್ನೆಗಳು

1. ಥರ್ಮಿಸ್ಟರಿನ ರೋಧ 5.3 ಕಿಲೋ ಓಮ್ ಇರುವಾಗ ಫಲಕ ಎಷ್ಟು ವೋಲ್ಟ್ ಓದುತ್ತದೆ?

2. ಕನೆಕ್ಟರಿನಲ್ಲಿ 8 ಕಿಲೋ ಓಮ್ ಬಂತು, ಆದರೂ ಫಲಕ 5 ವೋಲ್ಟ್ ಓದುತ್ತಿದೆ. ದೋಷ ಎಲ್ಲಿರಬಹುದು?

3. 2 ಕಿಲೋ ಓಮ್‌ನ ಕಿಲುಬು 0 ಡಿಗ್ರಿಯಲ್ಲಿ ಹೆಚ್ಚು ತಪ್ಪು ತೋರಿಸುತ್ತದೋ, 100 ಡಿಗ್ರಿಯಲ್ಲೋ? ಮೇಲಿನ ಪಟ್ಟಿ ನೋಡಿ ಕಾರಣ ಬರೆಯಿರಿ.