ಆ ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡಾಗ

ಪ್ರಶ್ನೆ: ನನಗೆ 34 ವರ್ಷ, ಸಾಫ್ಟ್‌ವೇರ್ ಕೆಲಸ. ಎರಡು ವರ್ಷದಿಂದ ಬೆಳಿಗ್ಗೆ ಇಪ್ಪತ್ತು ನಿಮಿಷ ಕಣ್ಮುಚ್ಚಿ ಕೂರುತ್ತೇನೆ. ಉಸಿರು ನೋಡುವುದು, ಅಷ್ಟೇ. ಇದರಿಂದ ಸಿಟ್ಟು ಕಡಿಮೆಯಾಗಿದೆ, ನಿದ್ದೆ ಸರಿಹೋಗಿದೆ. ತೊಂದರೆ ಇರುವುದು ವಾರಕ್ಕೊಮ್ಮೆ ಗುಂಪಿನಲ್ಲಿ ಕೂರುವಾಗ. ಕೊನೆಯಲ್ಲಿ ಹೇಳಿಕೊಡುವವರು ‘ಈಗ ಎಲ್ಲವನ್ನೂ ದೇವರಿಗೆ ಅರ್ಪಿಸಿ’ ಎನ್ನುತ್ತಾರೆ. ಆ ಪದ ಕಿವಿಗೆ ಬಿದ್ದದ್ದೇ ನನ್ನ ಭುಜ ಬಿಗಿಯುತ್ತದೆ. ಅಷ್ಟು ಹೊತ್ತಿನ ನೆಮ್ಮದಿ ಹಾರಿಹೋಗುತ್ತದೆ. ಚಿಕ್ಕಂದಿನಲ್ಲಿ ಏನು ತಪ್ಪು ಮಾಡಿದರೂ ‘ದೇವರು ನೋಡ್ತಿರ್ತಾನೆ’ ಎಂದೇ ಮನೆಯಲ್ಲಿ ಹೆದರಿಸುತ್ತಿದ್ದರು. ತಿಂಗಳಲ್ಲಿ ಮೂರು ದಿನ ದೇವರ ಮನೆ ಹೊಸ್ತಿಲು ದಾಟುವಂತಿರಲಿಲ್ಲ. ಹಾಗಂತ ನಾನು ನಾಸ್ತಿಕಳೂ ಅಲ್ಲ. ಆ ಪದ ಬಿಟ್ಟರೆ ಏನೋ ಖಾಲಿ, ಇಟ್ಟುಕೊಂಡರೆ ಸುಳ್ಳು ಹೇಳಿದ ಹಾಗೆ. ಏನು ಮಾಡಲಿ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ನಾನು ಪೆನ್ಸಿಲಿನಿಂದ ಗೆರೆ ಎಳೆದುಕೊಂಡದ್ದು ‘ಭುಜ ಬಿಗಿಯುತ್ತದೆ’ ಎಂಬಲ್ಲಿ. ತತ್ತ್ವಶಾಸ್ತ್ರದ ತಕರಾರು ಇರುವವರಿಗೆ ಭುಜ ಬಿಗಿಯುವುದಿಲ್ಲ, ನಾಲಿಗೆ ತುರಿಸುತ್ತದೆ. ಭುಜ ಬಿಗಿಯುವುದು ಏಟು ಬೀಳುತ್ತದೆಂದು ಕಾಯುತ್ತಿರುವ ಮಗುವಿಗೆ. ನಿಮ್ಮ ಕೈಗೆ ಈ ಪದ ಬೆತ್ತವಾಗಿ ಬಂತು. ಹೊಸ್ತಿಲಾಚೆ ನಿಲ್ಲಿಸಿದ್ದು ಮನೆಯವರು, ಹೆಸರು ಹೇಳಿದ್ದು ದೇವರದು. ಹನ್ನೆರಡು ವರ್ಷದ ಹುಡುಗಿಗೆ ಆ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ಆದ್ದರಿಂದ ‘ಇದ್ದಾನೋ ಇಲ್ಲವೋ’ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಅಟ್ಟದ ಮೇಲಿಡಿ. ನಿಮ್ಮ ತೊಂದರೆ ಅದಲ್ಲ.

ಇನ್ನು ಪದದ ವಿಚಾರ. ಮೂವತ್ತು ವರ್ಷ ತರಗತಿಯಲ್ಲಿ ದರ್ಶನಶಾಸ್ತ್ರ ಪಾಠ ಮಾಡಿದ ನನಗೂ ಇದು ತಡವಾಗಿ ಹೊಳೆದದ್ದು: ಕನ್ನಡದಲ್ಲಿ ‘ದೇವರು’ ಎಂಬಷ್ಟು ಸಡಿಲವಾದ ಪದ ಇನ್ನೊಂದು ಸಿಗುವುದು ಕಷ್ಟ. ವ್ಯಾಕರಣದ ಲೆಕ್ಕಕ್ಕೆ ಅದು ಬಹುವಚನ. ಹೆದರಿಸುವಾಗ ‘ದೇವರು ಇದ್ದಾನೆ’ ಎಂದು ಏಕವಚನ ಪುಲ್ಲಿಂಗ. ಗೌರವದಿಂದ ಮಾತಾಡುವಾಗ ‘ದೇವರು ಒಲಿದರು’. ಬೀದಿಗೆ ಪಲ್ಲಕ್ಕಿ ಬಂದರೆ ‘ದೇವರು ಬಂತು, ಆರತಿ ತನ್ನಿ’ ಎಂದು ಥಟ್ಟನೆ ನಪುಂಸಕಲಿಂಗ. ಕಷ್ಟ ಬಂದಾಗ ‘ದೇವರೇ, ನೀನೇ ಕಾಪಾಡಪ್ಪ’, ಅಲ್ಲಿ ಬಹುವಚನವೂ ಇಲ್ಲ, ಮರ್ಯಾದೆಯೂ ಇಲ್ಲ, ಮನೆಯವನನ್ನು ಕರೆದ ಹಾಗೆ. ಚರ್ಚಿನ ಕನ್ನಡ ಪ್ರಾರ್ಥನೆಯಲ್ಲೂ ಇದೇ ಪದ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂಗೆ ಕೂರಿಸುವ ಪಂಜಾಕ್ಕೂ ‘ಅಲಾಯಿ ದೇವರು’ ಎಂದೇ ಹೆಸರು. ಕೊಡಗಿನಲ್ಲಿ ಕೊಡಲಿ ಹಾಕಬಾರದ ಕಾಡು ‘ದೇವರಕಾಡು’. ಸಾಲ ಕೊಟ್ಟು ಕೇಳದವನು ‘ದೇವರಂಥ ಮನುಷ್ಯ’. ಇಷ್ಟೆಲ್ಲ ಒಳಗೊಳ್ಳುವ ಪದದಲ್ಲಿ ನಿಮ್ಮ ಮನೆಯವರು ತೋರಿಸಿದ್ದು ಒಂದೇ ಮೂಲೆ, ಅದೂ ಕತ್ತಲೆ ಮೂಲೆ. (ದೇವರನ್ನು ಒಪ್ಪದ ಎ.ಎನ್. ಮೂರ್ತಿರಾಯರು ತೊಂಬತ್ತರ ಆಸುಪಾಸಿನಲ್ಲಿ ಒಂದು ಇಡೀ ಪುಸ್ತಕ ಬರೆದರು. ಅದರ ಹೆಸರು ಮಾತ್ರ ‘ದೇವರು’. ಬೇರೆ ಪದ ಅವರಿಗೂ ಸಿಗಲಿಲ್ಲವೇನೋ!)

ಇನ್ನೊಂದು ಮಾತು. ‘ದೇವರಿದ್ದಾನೆ’ ಎನ್ನುವುದು ಹೇಳಿಕೆ. ಅದಕ್ಕೆ ಸಾಕ್ಷಿ ಕೇಳಬಹುದು, ಇಲ್ಲವೆನ್ನಬಹುದು. ‘ದೇವರೇ’ ಎನ್ನುವುದು ಕರೆ. ಕರೆಗೆ ಸತ್ಯ-ಸುಳ್ಳು ಎಂಬುದಿಲ್ಲ. ಬಾಗಿಲ ಮೂಲೆಗೆ ಕಾಲಿನ ಕಿರುಬೆರಳು ಬಡಿದಾಗ ನೀವೂ ‘ಅಮ್ಮಾ’ ಎನ್ನುತ್ತೀರಿ, ನಾನೂ ಎನ್ನುತ್ತೇನೆ. ನಮ್ಮಮ್ಮ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಅವಳು ಬರುತ್ತಾಳೆಂದು ನಂಬಿ ನಾನು ಕೂಗಿದ್ದಲ್ಲ, ಸುಳ್ಳು ಹೇಳಿದ್ದೂ ಅಲ್ಲ. ನೋವಿಗೆ ಒಂದು ಮುಖ ಬೇಕಿತ್ತು, ಬಾಯಿ ತಾನಾಗಿ ಅತ್ತ ತಿರುಗಿತು. ನೀವು ‘ಖಾಲಿ’ ಎಂದು ಬರೆದದ್ದು ಈ ಕರೆಯ ಜಾಗವನ್ನು ಎಂದು ನನ್ನ ಊಹೆ. ನಂಬಿಕೆ ಇಲ್ಲದೆ ಇರಬಹುದು, ಆದರೆ ಕರೆಯಲು ಯಾರೂ ಇಲ್ಲದಿದ್ದರೆ ಸಂಕಟ.

ಆ ಜಾಗಕ್ಕೆ ಯಾವ ಹೆಸರನ್ನಾದರೂ ತರಬಹುದೇ? ತಂದವರು ನಮ್ಮಲ್ಲೇ ಇದ್ದಾರೆ. ಹನ್ನೆರಡನೆಯ ಶತಮಾನದ ಶರಣರು ಒಬ್ಬೊಬ್ಬರೂ ತಮ್ಮದೇ ಅಂಕಿತ ಇಟ್ಟುಕೊಂಡರು. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮನದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ. ನನಗೆ ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಮುಕ್ತಾಯಕ್ಕನ ಅಂಕಿತ. ಅದು ಅಜಗಣ್ಣ, ಅವಳ ಸ್ವಂತ ಅಣ್ಣ! ಅಣ್ಣನೇ ಗುರುವೂ ಆಗಿದ್ದ. ಅವನು ಹೋದ ಮೇಲೆ ಅವಳು ಮಾತಾಡಿದ್ದೆಲ್ಲ ಆ ಹೆಸರಿಗೇ. ಇತ್ತ ಡಿವಿಜಿಯವರು 1943ರಲ್ಲಿ ಹೊರಬಂದ ‘ಮಂಕುತಿಮ್ಮನ ಕಗ್ಗ’ದ ಮೊದಲ ಪದ್ಯದಲ್ಲೇ ಜನ ಕೊಟ್ಟ ದೊಡ್ಡ ದೊಡ್ಡ ಹೆಸರುಗಳನ್ನೆಲ್ಲ ಸಾಲಾಗಿ ಹೇಳಿ, ಕೊನೆಗೆ ಕೈಮುಗಿಯುವುದು ಕಾಣದ ಒಂದು ‘ವಿಚಿತ್ರ’ಕ್ಕೆ. ಒಂಬೈನೂರಕ್ಕೂ ಹೆಚ್ಚು ಪದ್ಯಗಳ ಪುಸ್ತಕವನ್ನು ಒಬ್ಬರು ಹಾಗೆ ಶುರುಮಾಡಬಹುದಾದರೆ, ಇಪ್ಪತ್ತು ನಿಮಿಷದ ಧ್ಯಾನವನ್ನು ನೀವು ಹಾಗೆ ಮುಗಿಸಬಹುದು.

ಪದವೇ ಇಲ್ಲದೆ ಕೂತರೆ ಸಾಧನೆ ಅರ್ಧವಾಗುತ್ತದೆ ಎಂಬ ಭಯ ಬೇಡ. ಪತಂಜಲಿಯೇ ಯೋಗಸೂತ್ರದಲ್ಲಿ ಈಶ್ವರನಿಗೆ ಒಪ್ಪಿಸಿಕೊಳ್ಳುವ ಮಾತು ಬಂದಾಗ ‘ವಾ’ ಎಂಬ ಪುಟ್ಟ ಪದ ಸೇರಿಸಿದ್ದಾನೆ. ಅಂದರೆ ‘ಅಥವಾ’. ಅದೂ ಒಂದು ದಾರಿ, ಅದೊಂದೇ ಅಲ್ಲ. ಶ್ರವಣಬೆಳಗೊಳದ ಬೆಟ್ಟ ಹತ್ತುವ ಜೈನರು ಹೇಳುವ ಣಮೋಕಾರ ಮಂತ್ರದಲ್ಲಿ ಒಬ್ಬರ ಹೆಸರೂ ಇಲ್ಲ, ಸೃಷ್ಟಿಕರ್ತನೂ ಇಲ್ಲ, ಯಾವ ಬೇಡಿಕೆಯೂ ಇಲ್ಲ. ಐದು ಬಗೆಯ ಹಿರಿಯರಿಗೆ ನಮಸ್ಕಾರ, ಅಷ್ಟೇ.

ಇಷ್ಟು ಮಾಡಿ ನೋಡಿ. ಹೇಳಿಕೊಡುವವರ ಹತ್ತಿರ ಒಬ್ಬರೇ ಹೋಗಿ ‘ನನಗೆ ಈ ಪದ ಕಷ್ಟವಾಗುತ್ತದೆ’ ಎಂದು ಹೇಳಿ, ಕಾರಣ ವಿವರಿಸಲು ಹೋಗಬೇಡಿ. ಮುಂದಿನ ವಾರ ‘ಅರ್ಪಿಸಿ’ ಎಂಬ ಮಾತು ಬಂದಾಗ ಯಾರಿಗೆ ಎಂಬುದನ್ನು ಬಿಟ್ಟು ಅಂಗೈ ಮಾತ್ರ ಬಿಚ್ಚಿ ತೊಡೆಯ ಮೇಲಿಡಿ. ನಮ್ಮಜ್ಜಿಯ ಕಾಲು ಅಪ್ಪಿತಪ್ಪಿ ಮೊರಕ್ಕೆ ತಾಗಿದರೆ ಬಗ್ಗಿ ಮೊರ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅಕ್ಕಿ ಕೇರುವ ಮೊರ, ಅಂಚಿಗೆ ಸಗಣಿ ಬಳಿದದ್ದು. ‘ಮೊರ ದೇವರಾ ಅಜ್ಜಿ?’ ಎಂದು ಕೇಳಿದ್ದಕ್ಕೆ ‘ಹೋಗೋ, ಕೆಲಸ ಇದೆ’ ಎಂದಿದ್ದಳು. ಕೈ ಬಗ್ಗಲು ಅವಳಿಗೆ ಉತ್ತರ ಬೇಕಿರಲಿಲ್ಲ. ಪದ ಮುಂದೆ ಯಾವತ್ತಾದರೂ ತಾನಾಗಿ ಬಂದರೆ ಬರಲಿ. ಬರದಿದ್ದರೆ ಅದನ್ನು ಒಂದು ಕೊರತೆ ಎಂದು ಬರೆದಿಡಬೇಡಿ.

ಪ್ರಶ್ನೆ: ಕುಡಿಯೋದು ಬಿಟ್ಟು ಏಳು ತಿಂಗಳಾತ್ರಿ. ವಾರಕ್ಕ ಮೂರು ಸಲ ಎಎ ಮೀಟಿಂಗಿಗೆ ಹೋಗ್ತೀನ್ರಿ. ಹನ್ನೆರಡು ಮೆಟ್ಟಿಲು ಓದುವಾಗ ಮತ್ತ ಮತ್ತ ದೇವರು ಅಂತ ಬರ್ತದ. ನಮ್ಮಪ್ಪ ಮುಂಜಾನೆ ತಾಸುಗಟ್ಟಲೆ ಪೂಜಾ ಮಾಡ್ತಿದ್ದ, ಸಂಜಿಕೆ ಕುಡದು ಬಂದು ಅವ್ವನ್ನ ಹೊಡೀತಿದ್ದ. ಆ ದೇವರ ಕೈಯಾಗ ನನ್ನ ಬಾಳೇವು ಕೊಡು ಅಂದ್ರ ಹೆಂಗ್ ಕೊಡ್ಲಿ? ‘ನಿನಗ ತಿಳದಂಗ ತಿಳ್ಕೊ’ ಅಂತಾರ ಸ್ಪಾನ್ಸರ್. ನನಗ ಏನೂ ತಿಳೀವಲ್ದು. ಮೀಟಿಂಗ್ ಬಿಡಬೇಕು ಅನಸ್ತದ.
— ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ಮೀಟಿಂಗ್ ಬಿಡಬೇಡಿ. ಮಿಕ್ಕಿದ್ದೆಲ್ಲ ಆಮೇಲಿನ ಮಾತು.

ನಿಮ್ಮ ಈ ಜಗಳ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಹುಟ್ಟಿದಷ್ಟೇ ಹಳೆಯದು. 1935ರಲ್ಲಿ ಅಮೆರಿಕದ ಓಹಿಯೋದಲ್ಲಿ ಇಬ್ಬರು ಕುಡುಕರಿಂದ ಶುರುವಾದ ಕೂಟ ಅದು. ನಾಲ್ಕು ವರ್ಷದ ಮೇಲೆ ಹನ್ನೆರಡು ಮೆಟ್ಟಿಲುಗಳನ್ನು ಪುಸ್ತಕಕ್ಕೆ ಇಳಿಸುವಾಗ ಒಳಗೇ ಗಲಾಟೆಯಾಯಿತು. ದೇವರನ್ನು ಒಪ್ಪದ ಸದಸ್ಯರು ಪಟ್ಟು ಹಿಡಿದದ್ದರಿಂದಲೇ ಎರಡನೆಯ ಮೆಟ್ಟಿಲಲ್ಲಿ ‘ನಮಗಿಂತ ದೊಡ್ಡ ಶಕ್ತಿ’ ಎಂದು ಬಂತು, ಮೂರನೆಯ ಮತ್ತು ಹನ್ನೊಂದನೆಯ ಮೆಟ್ಟಿಲಲ್ಲಿ ‘ನಾವು ತಿಳಿದುಕೊಂಡಂತೆ’ ಎಂಬ ಮಾತು ಸೇರಿತು. ನಿಮ್ಮ ಸ್ಪಾನ್ಸರ್, ಅಂದರೆ ನಿಮ್ಮನ್ನು ಕೈಹಿಡಿದು ನಡೆಸುವ ಹಳೆಯ ಸದಸ್ಯರು, ಹೇಳುವುದು ಸಮಾಧಾನದ ಮಾತಲ್ಲ. ನಿಮ್ಮಂಥವರೇ ಜಗಳವಾಡಿ ಗಿಟ್ಟಿಸಿಕೊಂಡ ಜಾಗ ಅದು. ದೇವರು ದಕ್ಕದವರು ಸದ್ಯಕ್ಕೆ ಗುಂಪನ್ನೇ ಆ ದೊಡ್ಡ ಶಕ್ತಿ ಎಂದುಕೊಳ್ಳಬಹುದು ಎಂದು ಎಎಯ 1953ರ ಪುಸ್ತಕದಲ್ಲೇ ಇದೆ.

ಏನೂ ತಿಳಿಯುತ್ತಿಲ್ಲ ಎಂದಿರಿ. ರಾತ್ರಿ ಎಂಟಕ್ಕೆ ಬಾರ್ ಮುಂದೆ ಹಾಯುವಾಗ ಕಾಲು ತಡೆದರೆ ಫೋನ್ ಯಾರಿಗೆ ಮಾಡುತ್ತೀರಿ? ಅತ್ತ ಕಡೆಯಿಂದ ‘ಹ್ಞೂಂ, ಹೇಳಪಾ’ ಎನ್ನುವ ದನಿ ಇದೆಯಲ್ಲ, ಆ ಹತ್ತು ನಿಮಿಷ ಅದು ನಿಮಗಿಂತ ದೊಡ್ಡದು. ನೀವೊಬ್ಬರೇ ಮಾಡಲಾಗದ್ದನ್ನು ಅದು ಮಾಡಿಸುತ್ತಿದೆ. ಮೂರನೆಯ ಮೆಟ್ಟಿಲಿಗೆ ಇವತ್ತಿಗೆ ಇಷ್ಟು ಸಾಕು. ಓದುವ ಸರದಿ ಬಂದಾಗ ‘ದೇವರು’ ಎಂಬಲ್ಲಿ ಒಂದು ಉಸಿರು ನಿಂತು ಮುಂದೆ ಹೋಗಿ, ಯಾರೂ ತಡೆಯುವುದಿಲ್ಲ.

ಅಪ್ಪನ ದೇವರ ಮೇಲಿನ ಸಿಟ್ಟು ಇದ್ದರೆ ಇರಲಿ, ಅದನ್ನು ಬಾಯಿಬಿಟ್ಟು ಬೈದರೂ ಅಡ್ಡಿಯಿಲ್ಲ. ದೇವರನ್ನು ಬೈಯುವುದಕ್ಕೆ ನಮ್ಮಲ್ಲಿ ನಿಂದಾಸ್ತುತಿ ಎಂಬ ಪ್ರಕಾರವೇ ಇದೆ. ಆದರೆ ಅಪ್ಪನ ಮೇಲಿನ ಸಿಟ್ಟು ಬೇರೆ. ಅದನ್ನು ಸ್ಪಾನ್ಸರ್ ಮುಂದೆ, ಬೇಕಾದರೆ ಆಪ್ತಸಮಾಲೋಚಕರ ಮುಂದೆ, ಬೇರೆಯಾಗಿಯೇ ಇಡಿ. ಎರಡನ್ನೂ ಒಂದೇ ಗಂಟು ಕಟ್ಟಿ ಹೊತ್ತರೆ ಭಾರ ಜಾಸ್ತಿ.

ಪ್ರಶ್ನೆ: ಮೈಸೂರಿನ ಪಾರ್ಕೊಂದರಲ್ಲಿ ಬೆಳಿಗ್ಗೆ ಯೋಗ ಮಾಡುವ ಗುಂಪು ನಮ್ಮದು, ಹೆಚ್ಚಿನವರು ನಿವೃತ್ತರು. ಕೊನೆಯ ಪ್ರಾರ್ಥನೆಯಲ್ಲಿ ‘ದೇವರು’ ಇರಬೇಕೋ ಬೇಡವೋ ಎಂದು ತಿಂಗಳಿಂದ ಜಟಾಪಟಿ. ಇಬ್ಬರು ಬರುವುದನ್ನೇ ನಿಲ್ಲಿಸಿದ್ದಾರೆ. ಭಾನುವಾರ ಕೈ ಎತ್ತಿಸಿ ತೀರ್ಮಾನಿಸೋಣ ಎಂದಿದ್ದೇವೆ. ಸರಿಯೇ? ಆಮೇಲೆ ಎಂದಿನಂತೆ ಎಲ್ಲರೂ ಇಡ್ಲಿ ತಿನ್ನಲು ಹೋಗುವುದಿದೆ.
— ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಉತ್ತರ: ಕೈ ಎತ್ತಿಸಬೇಡಿ ಸಾರ್. ಈ ದೇಶ ಒಮ್ಮೆ ಅದನ್ನು ಮಾಡಿ ನೋಡಿದೆ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್, ಹುಟ್ಟಿದ್ದು ಮಂಗಳೂರಿನಲ್ಲಿ, ಪ್ರಸ್ತಾವನೆ ‘ದೇವರ ಹೆಸರಿನಲ್ಲಿ’ ಎಂದು ಶುರುವಾಗಲಿ ಎಂದು ತಿದ್ದುಪಡಿ ತಂದರು. ಇದು ಒಬ್ಬೊಬ್ಬರ ಒಳಗಿನ ವಿಷಯ, ಎಲ್ಲರ ಪರವಾಗಿ ಹೇರಬಾರದು ಎಂದರು ಎಚ್.ಎನ್. ಕುಂಜ್ರು. ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತರು ಬಿಡಲಿಲ್ಲ. ಮತ ಎಣಿಸಿದಾಗ ಪರ 41, ವಿರುದ್ಧ 68. ಆ ಎಣಿಕೆಯಿಂದ ಯಾರ ಭಕ್ತಿಯೂ ಒಂದು ಗುಂಜಿ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ.

ಅದೇ ಸಂವಿಧಾನದ ಮೂರನೆಯ ಅನುಸೂಚಿ ನೋಡಿ. ಪ್ರಮಾಣವಚನದಲ್ಲಿ ದೇವರ ಹೆಸರೂ ಇದೆ, ಅದು ಬೇಡದವರಿಗೆ ದೃಢೀಕರಣದ ಮಾತೂ ಇದೆ, ಎರಡೂ ಪಕ್ಕಪಕ್ಕದಲ್ಲಿ. ಮಂತ್ರಿಗಳಿಗೆ ಆಗುವುದು ನಿಮಗೂ ಆದೀತು. ಕೊನೆಗೆ ಒಂದು ನಿಮಿಷ ಮೌನ ಇಟ್ಟುಕೊಳ್ಳಿ, ಯಾರು ಏನು ಹೇಳಿಕೊಳ್ಳುತ್ತಾರೋ ಮನಸ್ಸಿನಲ್ಲಿ ಹೇಳಿಕೊಳ್ಳಲಿ. ಬರುವುದು ಬಿಟ್ಟ ಆ ಇಬ್ಬರಿಗೆ ಶನಿವಾರವೇ ಫೋನ್ ಮಾಡಿ. ಪ್ರಾರ್ಥನೆಯ ಮಾತು ಎತ್ತಬೇಡಿ, ಇಡ್ಲಿಗೆ ಕರೆಯಿರಿ.