ಆ ಕಪ್ಪು ಬಳೆ ರೋಗಾಣುವಲ್ಲ

ಫೋಲ್ಡ್‌ಸ್ಕೋಪ್ ಎಂಬ ಸೂಕ್ಷ್ಮದರ್ಶಕ ಕೊಂಡವರು ‘ಇದು ಯಾವ ಕ್ರಿಮಿ?’ ಎಂದು ಕಳಿಸುವ ಫೋಟೊಗಳಲ್ಲಿ ಹೆಚ್ಚಿನವು ಗಾಳಿಗುಳ್ಳೆಯವು. ಗಾಬರಿ ಬೇಡ, ಸ್ಲೈಡ್ ಸರಿಯಾಗಿ ಮಾಡಿ.

ಫೋಲ್ಡ್‌ಸ್ಕೋಪ್ ಎಂದರೆ ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ತಂಡ 2014ರಲ್ಲಿ ಪ್ರಕಟಿಸಿದ ಕಾಗದದ ಸೂಕ್ಷ್ಮದರ್ಶಕ. ಸಾಮಾನ್ಯ ಕಿಟ್ 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಮೊದಲ ಪಾಠಕ್ಕೆ ಕೆನ್ನೆಯ ಒಳಪದರದ ಕೋಶಗಳೇ ಸಾಕು.

1. ಬಾಯಿ ಮುಕ್ಕಳಿಸಿ. ಹತ್ತಿಕಡ್ಡಿಯಿಂದ ಕೆನ್ನೆಯೊಳಗೆ ಮೆಲ್ಲಗೆ ಉಜ್ಜಿ. ಒಬ್ಬರ ಕಡ್ಡಿ ಇನ್ನೊಬ್ಬರಿಗೆ ಬೇಡ.

2. ಅದನ್ನು ಸ್ಲೈಡ್ ಮೇಲೆ ತೆಳ್ಳಗೆ ಸವರಿ, ಒಣಗಲು ಬಿಡಿ. ದಪ್ಪಗೆ ಬಳಿದರೆ ಕೋಶಗಳು ಒಂದರ ಮೇಲೊಂದು ಬಿದ್ದು ಏನೂ ತಿಳಿಯದು.

3. ತೆಳು ಮಾಡಿದ ಮೆಥಿಲೀನ್ ಬ್ಲೂ ಒಂದು ಹನಿ ಹಾಕಿ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಔಷಧಿಯಾಗಿ ಸಿಗುತ್ತದೆ. ಒಂದು ನಿಮಿಷದ ನಂತರ ಹೆಚ್ಚಿನ ಬಣ್ಣ ತೊಳೆದು, ಒಂದು ಹನಿ ನೀರು ಬಿಡಿ.

4. ಎಡವುವುದು ಇಲ್ಲೇ. ಸ್ಲೈಡ್ ಮುಚ್ಚುವ ತೆಳು ಕವರ್‌ಸ್ಲಿಪ್ ಅನ್ನು ಮೇಲಿಂದ ದೊಪ್ಪೆಂದು ಇಡಬೇಡಿ. ಒಂದು ಅಂಚನ್ನು ನೀರಿಗೆ ತಾಗಿಸಿ, ಓರೆಯಾಗಿ ಹಿಡಿದು, ಸೂಜಿಯ ಆಸರೆಯಲ್ಲಿ ನಿಧಾನವಾಗಿ ಇಳಿಸಿ. ನೀರು ಮುಂದೆ ಹರಿಯುತ್ತ ಗಾಳಿಯನ್ನು ಹೊರಗೆ ತಳ್ಳುತ್ತದೆ. ಆದರೂ ಗುಳ್ಳೆ ಉಳಿದರೆ ಗುರುತು ಹೀಗೆ: ಅಚ್ಚುಕಟ್ಟಾದ ದುಂಡು, ದಪ್ಪ ಕಪ್ಪು ಅಂಚು, ನಡುವೆ ಬರೀ ಬೆಳಕು. ಕೋಶದ ಅಂಚು ಅಂಕುಡೊಂಕು, ಒಳಗೊಂದು ಕಡುನೀಲಿ ಚುಕ್ಕೆ, ಅದೇ ಕೋಶಕೇಂದ್ರ. ಅನುಮಾನವಿದ್ದರೆ ಕವರ್‌ಸ್ಲಿಪ್ ಅನ್ನು ಸೂಜಿಯಿಂದ ಮೆಲ್ಲಗೆ ಒತ್ತಿ. ಗುಳ್ಳೆ ಆಕಾರ ಬದಲಿಸುತ್ತದೆ, ಇಲ್ಲವೇ ಜಾರುತ್ತದೆ.

5. ಕವರ್‌ಸ್ಲಿಪ್ ಲೆನ್ಸ್ ಕಡೆಗಿರುವಂತೆ ಸ್ಲೈಡ್ ತೂರಿಸಿ. ರೆಪ್ಪೆ ತಾಗುವಷ್ಟು ಹತ್ತಿರ ಕಣ್ಣಿಟ್ಟು ಬಲ್ಬಿನತ್ತ ನೋಡಿ. ಸೂರ್ಯನ ಕಡೆಗೆ ಮಾತ್ರ ಎಂದೂ ಬೇಡ! ಫೋಟೊ ಬೇಕಿದ್ದರೆ ಅಯಸ್ಕಾಂತದ ಕಪ್ಲರ್‌ನಿಂದ ಮೊಬೈಲ್ ಕ್ಯಾಮೆರಾಕ್ಕೆ ಜೋಡಿಸಿ. ಪರದೆಯನ್ನು ಬೆರಳಿನಿಂದ ಎಷ್ಟು ಹಿಗ್ಗಿಸಿದರೂ ಲೆನ್ಸ್ ಕಾಣದ್ದು ಕಾಣದು.

ಹಾಗಾಗಿ ಫೋಲ್ಡ್‌ಸ್ಕೋಪ್‌ನಲ್ಲಿ ಮನೆಯಲ್ಲೇ ಮಲೇರಿಯಾ ಪತ್ತೆ ಮಾಡಹೊರಡುವುದು ಅಪಾಯ. ಅದರ ಪರಾವಲಂಬಿ ಅಡಗುವ ಕೆಂಪು ರಕ್ತಕಣವೇ 7–8 ಮೈಕ್ರಾನ್. ಲ್ಯಾಬ್‌ನಲ್ಲಿ ಬಣ್ಣ ಹಾಕಿದ ರಕ್ತಲೇಪವನ್ನು 1000 ಪಟ್ಟು ಹಿಗ್ಗಿಸಿ ನೋಡುತ್ತಾರೆ. ಸರಳ ಲೆನ್ಸ್ ಬೇರೆ ರೋಗಪತ್ತೆಯಲ್ಲೂ ಎಡವಿದ್ದುಂಟು: ಟಾಂಜಾನಿಯಾದಲ್ಲಿ ಮೊಬೈಲ್‌ಗೆ ಪುಟ್ಟ ಗೋಲಿ ಲೆನ್ಸ್ ಅಂಟಿಸಿ ನಡೆದ, 2013ರಲ್ಲಿ ಪ್ರಕಟವಾದ ಮಲಪರೀಕ್ಷೆಯಲ್ಲಿ ತಜ್ಞರಿಗೇ ದುಂಡುಹುಳುವಿನ ಸೋಂಕು ಬಹುಪಾಲು ಸಿಕ್ಕರೂ ಕೊಕ್ಕೆಹುಳುವಿನದು ಬಹುಪಾಲು ತಪ್ಪಿತ್ತು. ಜ್ವರ ಬಂದರೆ ಆಸ್ಪತ್ರೆಗೆ ಹೋಗಿ.

ಲೆನ್ಸನ್ನು ಬೆರಳಿನಿಂದ ಮುಟ್ಟಬೇಡಿ. ಬಳಸಿದ ಸ್ಲೈಡ್ ಬ್ಲೀಚ್ ನೀರಿನಲ್ಲಿ ನೆನೆಸಿ ತೊಳೆಯಿರಿ. ನೀಲಿ ಕಲೆ ಬಟ್ಟೆಯಿಂದ ಸುಲಭವಾಗಿ ಹೋಗದು, ಹಳೇ ಅಂಗಿ ತೊಟ್ಟುಕೊಳ್ಳಿ.